ಕೇಳಿದ್ದು ಲೆಕ್ಕಕ್ಕಿಲ್ವಾ?

ಬೆಂಗಳೂರಲ್ಲಿ ಐದನೇ ಕ್ಲಾಸು ಓದ್ತಿರೋ ಅಕ್ಕನ ಮಗಳಿಗೆ ರಜೆಯಲ್ಲಿ ತುಂಬೋಕೆ ಅಂತ ಸ್ಕೂಲಿನವರು ಒಂದು ಹಾಳೆ ಕೊಟ್ಟಿದ್ದರು. ಪುಸ್ತಕದ ಹೆಸರು, ಬರೆದವರು ಯಾರು, ಎಷ್ಟು ಪುಟ. ಕನ್ನಡ ಪಟಪಟ ಅಂತ ಮಾತಾಡೋ ಹುಡುಗಿ. ಆದರೆ ಒಂದು ಪುಟ ಕನ್ನಡ ಓದೋಕೆ ಹತ್ತು ನಿಮಿಷ ಬೇಕು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೇದು ಮರೆತಿರುತ್ತೆ. ಕಥೆಯ ಸ್ವಾರಸ್ಯ ಎಲ್ಲಿಂದ ಬರಬೇಕು? ನಾನು ‘ಕರ್ವಾಲೊ’ವನ್ನು ಜೋರಾಗಿ ಓದಿ ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಕಳಿಸೋಕೆ ಶುರುಮಾಡಿದೆ. ಮೂರನೇ ದಿನ ಅವಳಿಂದಲೇ ಪ್ರಶ್ನೆ ಬಂತು: “ಮಾಮ, ಕೇಳಿದ್ರೆ ಓದಿದ ಹಾಗಾ? ಮಿಸ್ ಲೆಕ್ಕಕ್ಕಿಲ್ಲ ಅಂದ್ರೆ?”

ನಮ್ಮ ಕಳಸದ ಕಡೆಯ ಹಳಬರು ಈ ಪ್ರಶ್ನೆ ಕೇಳಿದ್ರೆ ನಗ್ತಿದ್ದರು. ಲಕ್ಷ್ಮೀಶನ ಊರು ದೇವನೂರು ನಮ್ಮ ಜಿಲ್ಲೆಯದೇ, ಕಡೂರು ತಾಲ್ಲೂಕಿನದು. ಅವನ ಜೈಮಿನಿ ಭಾರತ ಅಕ್ಷರ ಬಾರದ ಮನೆಗಳಿಗೂ ಹೊಕ್ಕಿದ್ದು ಕಿವಿಯ ಮೂಲಕ. ಒಬ್ಬರು ರಾಗವಾಗಿ ವಾಚಿಸೋದು, ಪಕ್ಕದಲ್ಲಿ ಕೂತವರು ಅರ್ಥ ಹೇಳೋದು. ಚಂದ್ರಹಾಸನ ಕಥೆಯನ್ನು ಬಾಯಲ್ಲೇ ಹೇಳಬಲ್ಲ ಎಷ್ಟೋ ಅಜ್ಜಿಯರು ಆ ಪುಸ್ತಕದ ಮುಖ ನೋಡಿದವರಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತಿಕೆ ಮತ್ತು ಮಾತು ಅಷ್ಟೇ. ಇಡೀ ಕುರುಕ್ಷೇತ್ರ ನಡೆಯೋದು ಕೇಳುವವನ ತಲೆಯೊಳಗೆ.

ಆಮೇಲೆ ಬಂತು 1935. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡ್ತಿದ್ದ ಎಂ.ವಿ. ಗೋಪಾಲಸ್ವಾಮಿ ಸೆಪ್ಟೆಂಬರ್‌ನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದರು. ಅದೇ ‘ಆಕಾಶವಾಣಿ’. (ನಮ್ಮ ಸ್ಟಾರ್ಟಪ್‌ನವರು ಗ್ಯಾರೇಜ್ ಕಥೆ ಹೇಳುವಾಗೆಲ್ಲ ನನಗೆ ಈ ಮನೆ ನೆನಪಾಗುತ್ತೆ.) ಮೊದಲ ಪ್ರಸಾರದಲ್ಲಿ ತಮ್ಮ ಕವಿತೆ ಓದಿದವರು ಕುವೆಂಪು. ಅವರು ಹುಟ್ಟಿದ್ದೂ ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳಕೊಂಡ ಸೈನಿಕರಿಗಾಗಿ ‘ಮಾತಾಡುವ ಪುಸ್ತಕ’ಗಳು ಬಂದವು. ಅಗಾಥಾ ಕ್ರಿಸ್ಟಿಯ ಕಾದಂಬರಿಯೊಂದು ಮೊದಲ ಕಂತಿನಲ್ಲೇ ಇತ್ತು. ಎರಡೂ ಕಡೆಯವರಿಗೆ ಪರಸ್ಪರ ಗೊತ್ತೇ ಇರಲಿಲ್ಲ ಅನ್ಸುತ್ತೆ.

1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆಯ್ತು, ಮಲೆನಾಡಿನ ಮನೆಮನೆಗೆ ಟ್ರಾನ್ಸಿಸ್ಟರ್ ಬಂತು. ನಾನು ಸಣ್ಣವನಿದ್ದಾಗ ಜುಲೈ ಮಳೆಗೆ ಕರೆಂಟು ಹೋದರೆ ದಿನಗಟ್ಟಲೆ ಬರ್ತಿರಲಿಲ್ಲ. ಸೆಲ್ ಹಾಕಿದ ರೇಡಿಯೋದಲ್ಲಿ ನಾಟಕ ಬರುವಾಗ ಹಂಚಿನ ಮೇಲಿನ ಮಳೆ ಸದ್ದು ಜಾಸ್ತಿಯಾದರೆ ಎಲ್ಲರೂ ರೇಡಿಯೋ ಹತ್ತಿರ ಸರಿದು ಕೂರ್ತಿದ್ವಿ.

2000ದ ದಶಕದಲ್ಲಿ ಸರ್ಕಾರಿ ಶಾಲೆಗಳಿಗೆ ‘ಚಿಣ್ಣರ ಚುಕ್ಕಿ’, ‘ಕೇಳಿ ಕಲಿ’ ಅನ್ನೋ ರೇಡಿಯೋ ಪಾಠಗಳು ಬಂದವು. ಅಷ್ಟೊತ್ತಿಗೆ ನಾನು ಪ್ರೈಮರಿ ದಾಟಿಯಾಗಿತ್ತು. 1970ರ ದಶಕದಲ್ಲಿ ನಿಕರಾಗುವಾದಲ್ಲಿ ರೇಡಿಯೋ ಮೂಲಕ ಲೆಕ್ಕ ಕಲಿಸುವಾಗ ಒಂದು ಒಳ್ಳೇ ಉಪಾಯ ಕಂಡುಕೊಂಡಿದ್ದರು: ರೇಡಿಯೋ ಪ್ರಶ್ನೆ ಕೇಳಿ ಸುಮ್ಮನಾಗುತ್ತೆ, ಮಕ್ಕಳು ಕೂಗಿ ಉತ್ತರ ಹೇಳ್ತಾರೆ, ಆಮೇಲೆ ಅದು ಮುಂದಕ್ಕೆ ಹೋಗುತ್ತೆ. ಆಡಿಯೋ ಪುಸ್ತಕ ಹಾಕುವ ಅಪ್ಪ ಅಮ್ಮಂದಿರಿಗೂ ಇದು ಗೊತ್ತಿದ್ದರೆ ಒಳ್ಳೇದು. ಫೋನ್ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಜೊತೆಗೆ ಕೂತು, ನಡುವೆ ನಿಲ್ಲಿಸಿ, “ಈಗ ಏನಾಗಬಹುದು?” ಅಂತ ಕೇಳಿ. ಆದರೆ ಮುಗಿದ ಮೇಲೆ ಪರೀಕ್ಷೆ ಇಟ್ಟರೆ ಕೆಲಸ ಕೆಟ್ಟಿತು.

ಕೇಳಿದರೆ ಅಕ್ಷರ ಬರಲ್ಲ, ಒಪ್ತೀನಿ. ಅಕ್ಷರ ಕಲಿಯೋಕೆ ಕಣ್ಣೇ ಬೇಕು. ಆದರೆ ಓದೋ ವೇಗ ಬರೋವರೆಗೆ ಕಥೆಯನ್ನು ಕಾಯಿಸಿದರೆ ಮಗು ಅಷ್ಟರಲ್ಲಿ ಇಂಗ್ಲಿಷ್ ಪುಸ್ತಕದ ಕಡೆ ಹೊರಟುಹೋಗಿರುತ್ತೆ, ವಾಪಸ್ ಬರಲ್ಲ. ಕಾಫಿ ಎಸ್ಟೇಟಿನ ಲೈನ್ ಮನೆಗಳ ಮಕ್ಕಳ ಪಾಡು ಬೇರೆ. ಮನೇಲಿ ತಮಿಳೋ ತುಳುವೋ, ಶಾಲೆಯಲ್ಲಿ ಪುಸ್ತಕದ ಕನ್ನಡ. ಅವರಿಗೆ ಮೊದಲು ಆ ಭಾಷೆ ಕಿವಿಗೆ ಬೀಳಬೇಕು.

ನಾಲ್ಕನೇ ವಾಯ್ಸ್ ನೋಟ್‌ನಿಂದ ಅಕ್ಕ ಅವಳ ತೊಡೆ ಮೇಲೆ ಪುಸ್ತಕ ಇಟ್ಟಳು, ನನ್ನ ದನಿಯ ಜೊತೆ ಬೆರಳು ಓಡಿಸು ಅಂತ. ಒಂದು ಕಡೆ ನಾನು ಅರ್ಧ ಸಾಲು ಬಿಟ್ಟು ಓದಿದ್ದೆ. “ಮಾಮ, ನೀನು ಮೋಸ ಮಾಡಿದೆ” ಅಂತ ಮೆಸೇಜು ಬಂತು. ಹಾಳೆಯಲ್ಲಿ ‘ಎಷ್ಟು ಪುಟ’ ಅನ್ನೋ ಜಾಗದಲ್ಲಿ ಅವಳು 37 ನಿಮಿಷ ಅಂತ ಬರೆದಿದ್ದಾಳೆ. ಮಿಸ್ ಇನ್ನೂ ನೋಡಿಲ್ಲ.