ಯಾವ ಜಾವಾ?

ಮಾಜಿವಾಡಾದ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ, ಎರಡು ಕಂಬಗಳ ನಡುವೆ, ಅಪ್ಪನ 1966ರ ಜಾವಾ ಬಿಚ್ಚಿಕೊಂಡು ಕೂತು ಹದಿನಾಲ್ಕು ತಿಂಗಳಾಯಿತು. ಅಪ್ಪ ಹೋದ ಮೇಲೆ ಮೈಸೂರಿನ ಮನೆ ಖಾಲಿ ಮಾಡುವಾಗ ಇದನ್ನು ಗೋಣಿಚೀಲ ಸುತ್ತಿ ಲಾರಿಗೆ ಹಾಕಿಸಿದ್ದೆ. ಇಳಿಸಿಕೊಂಡ ದಿನ ನಮ್ಮ ವಾಚ್‌ಮನ್, ‘ಭಂಗಾರ್‌ನವನನ್ನು ಕರೆಯಲಾ?’ ಎಂದು ಕೇಳಿದ. ಸದುದ್ದೇಶದಿಂದಲೇ.

ಕಳೆದ ತಿಂಗಳು ಹಿಂದಿನ ಮಡ್‌ಗಾರ್ಡಿಗೆ ಮರಳುಕಾಗದ ಹಿಡಿದೆ. ಮೇಲೆ ನೀಲಿ, ಅದರಡಿ ಕಪ್ಪು, ಅದರಡಿ ಜಾವಾದ ಆ ಪ್ರಸಿದ್ಧ ಮರೂನ್. ನೀಲಿಯನ್ನು ಬಳಿದವನು ಅಪ್ಪನೇ. ಬಣ್ಣದಲ್ಲಿ ಸಿಕ್ಕಿಕೊಂಡ ಬ್ರಷ್ಷಿನ ಎರಡು ಕೂದಲು ಇನ್ನೂ ಹಾಗೇ ಇವೆ. ಗಾಡಿಯನ್ನು ‘ಮೂಲ ಸ್ಥಿತಿಗೆ’ ತರುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದವನಿಗೆ ಅಲ್ಲಿ ಕೈ ನಿಂತಿತು. ಯಾವ ಮೂಲ?

ಇದು ಹೆಸರಿನಿಂದಲೇ ಶುರುವಾಗುವ ತೊಡಕು. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ವಿನ್ಯಾಸವೊಂದರ ಹಕ್ಕು ಕೊಂಡ. ತನ್ನ ಹೆಸರಿನ ಎರಡಕ್ಷರ, ಅವರ ಹೆಸರಿನ ಎರಡಕ್ಷರ ಸೇರಿಸಿದ. ಜೆಕ್ ಭಾಷೆಯಲ್ಲಿ ಅದರ ಉಚ್ಚಾರ ‘ಯಾವಾ’. ಇಂಗ್ಲಿಷ್ ಅಕ್ಷರಗಳ ದಾರಿಯಲ್ಲಿ ಬಂದದ್ದಕ್ಕೆ ನಮಗದು ‘ಜಾವಾ’ ಆಯಿತು. ನೇರವಾಗಿ ಬಂದಿದ್ದರೆ ಮೈಸೂರಿನಲ್ಲಿ ‘ಯಾವ ಗಾಡಿ?’ ಎಂದು ಕೇಳಿದವನಿಗೆ ಪ್ರಶ್ನೆಯೇ ಉತ್ತರವಾಗುತ್ತಿತ್ತು.

ನಮ್ಮಲ್ಲಿಗೆ ಅದನ್ನು ತಂದವರು ಮುಂಬೈಯ ರುಸ್ತುಂ ಇರಾನಿ. ಮೊದಲು ಆಮದು ಮಾಡಿ ಮಾರುತ್ತಿದ್ದರು. ಐವತ್ತರ ದಶಕದಲ್ಲಿ ಸರ್ಕಾರ ಆಮದಿನ ಬಾಗಿಲು ಮುಚ್ಚುತ್ತ ಬಂದಾಗ ಇಲ್ಲೇ ತಯಾರಿಸುವುದೊಂದೇ ದಾರಿ ಉಳಿಯಿತು. 1960ರಲ್ಲಿ ಐಡಿಯಲ್ ಜಾವಾ ಕಂಪನಿ, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದನ್ನು ಉದ್ಘಾಟಿಸಿದರು. ಮೊದಮೊದಲು ಜೆಕ್ ಬಿಡಿಭಾಗಗಳನ್ನು ಜೋಡಿಸುವ ಕೆಲಸ. ಆಮೇಲೆ ಒಂದೊಂದೇ ಭಾಗ ಇಲ್ಲಿಯದಾಯಿತು. ಅಂದರೆ ‘ಅಪ್ಪಟ ಮೈಸೂರು ಜಾವಾ’ ಎಂಬುದು ಹುಟ್ಟುವಾಗಲೇ ಬೆರಕೆ.

ಎಂಜಿನ್ ಮಾತ್ರ ಅದ್ಭುತ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರಿನ ಲಿವರನ್ನೇ ಒಳಗೊತ್ತಿ ಮೇಲೆತ್ತಿದರೆ ಕಿಕ್ಕರ್. ಗೇರ್ ಬದಲಿಸಲು ಕಾಲು ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತದೆ, ಕೈಗೆ ಕೆಲಸವಿಲ್ಲ. ಹಳೆಯ ಟೂ-ಸ್ಟ್ರೋಕಿನ ದೊಡ್ಡ ರೋಗ ಕ್ರ್ಯಾಂಕಿನ ಆಯಿಲ್ ಸೀಲುಗಳದ್ದು. ಅವು ಒಣಗಿ ಗಡುಸಾದರೆ ಕ್ರ್ಯಾಂಕ್‌ಕೇಸಿಗೆ ಗಾಳಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತನ್ನ ಪಾಡಿಗೆ ಕಿರುಚುತ್ತದೆ. ಇಪ್ಪತ್ತೈದು ವರ್ಷ ನಿಂತ ಗಾಡಿ, ಬದಲಿಸದೆ ವಿಧಿಯಿಲ್ಲ. ಅದಕ್ಕೆ ಕೇಸನ್ನೇ ಎರಡು ಹೋಳು ಮಾಡಬೇಕು, ಮಾಡಿದ ಮೇಲೆ ಬೇರಿಂಗುಗಳನ್ನೂ ಬದಲಿಸುವುದು ಜಾಣತನ. ಸುತ್ತಿಗೆಯಿಂದ ಹೊಡೆದರೆ ಅಲ್ಯೂಮಿನಿಯಂ ಸೀಳುತ್ತದೆ. ಬಿಸಿ ಮಾಡಬೇಕು; ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ಬೇರಿಂಗು ತಾನಾಗಿ ಸಡಿಲವಾಗುತ್ತದೆ. ನಾನು ಅಡುಗೆಮನೆಯ ಓವನ್ನಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ‘ಟಣ್’ ಎಂದು ಬೇರಿಂಗು ಉದುರಿತು. ಮೂರು ವಾರ ಮನೆಯಲ್ಲಿ ಕೇಕಿಗೆ ಗ್ರೀಸಿನ ವಾಸನೆ ಎಂಬ ದೂರು. ಅದಿರಲಿ.

ಆಗ ಕಂಡದ್ದು ಕ್ಲಚ್ಚಿನ ಬದಿಯ ಮುಚ್ಚಳ. ಮಸಿ ಒರೆಸಿದರೆ ಅದರ ಮೇಲೆ ‘ಯೆಜ್ಡಿ’ ಎಂದಿದೆ! ಜೆಕ್ ಪರವಾನಗಿಯ ಕಾಲ ಮುಗಿದು, 1973ರಲ್ಲಿ ಮೈಸೂರಿನ ಗಾಡಿಗೆ ಬಂದ ಹೆಸರದು. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯವೂ ಹೆಸರು ಬದಲಿಸಿ ಕರ್ನಾಟಕವಾಯಿತು. ಯೆಜ್ಡಿ ಎಂದರೆ ಇರಾನಿನ ಯಜ್ದ್ ಊರಿನ ನೆನಪು. ಆದರೆ ಜೆಕ್ ಭಾಷೆಯಲ್ಲಿ ‘ಯೆಜ್ದೀ’ ಎಂದರೆ ‘ಅವನು ಓಡಿಸುತ್ತಾನೆ’. ಕಾಕತಾಳೀಯವೋ ಜಾಣತನವೋ, ಭಾಷಾಶಾಸ್ತ್ರ ಓದಿದ ನನಗಂತೂ ಎರಡನೆಯದನ್ನು ನಂಬುವ ಆಸೆ. ಹೆಸರು ಬದಲಾದರೂ ಎಷ್ಟೋ ಭಾಗಗಳು ಅವೇ, ಒಂದರದ್ದು ಇನ್ನೊಂದಕ್ಕೆ ಕೂಡುತ್ತಿದ್ದವು. ಯಾವುದೋ ಗ್ಯಾರೇಜಿನಲ್ಲಿ ಒಡೆದ ಮುಚ್ಚಳದ ಜಾಗಕ್ಕೆ ಇದು ಬಂದಿದೆ. ಯಾವಾಗ ಎಂದು ಕೇಳಲು ಈಗ ಯಾರೂ ಇಲ್ಲ.

ಎಂಬತ್ತರ ದಶಕದ ನಡುವಿಗೆ ಜಪಾನಿ ಕಂಪನಿಗಳ ಜೊತೆಗೂಡಿದ ನೂರು ಸಿಸಿ ಗಾಡಿಗಳು ಬಂದವು: ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100. ಪೆಟ್ರೋಲು ಕಡಿಮೆ ಕುಡಿಯುವ ಅವುಗಳ ಎದುರು ಇನ್ನೂರೈವತ್ತು ಸಿಸಿಯ ಟೂ-ಸ್ಟ್ರೋಕ್ ಸೋತಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಆಮೇಲೂ ಈ ಗಾಡಿಗಳು ರಸ್ತೆಯಲ್ಲಿದ್ದರೆ ಕಾರಣ ಒಂದರ ಅಂಗ ಕಿತ್ತು ಇನ್ನೊಂದಕ್ಕೆ ಹಾಕಿದ ಮೆಕ್ಯಾನಿಕ್ಕುಗಳು. ನಾವು ಮೂಲದ ಹೆಸರಿನಲ್ಲಿ ಒರೆಸಿಹಾಕುವುದು ಅವರ ಕೆಲಸವನ್ನೇ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು, ಹೊಸ ನೋಂದಣಿಗೆ 20,000 ರೂಪಾಯಿ. ಷರತ್ತು: ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಕೂಡದು, ದಿನನಿತ್ಯ ರಸ್ತೆಗಿಳಿಸುವ ಹಾಗೂ ಇಲ್ಲ. 1966ರ ಮುಚ್ಚಳ ಹುಡುಕಿದರೆ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೋ ಮೈಸೂರಿನಲ್ಲೋ ಸಿಕ್ಕೀತು. ಹುಡುಕಲಿಲ್ಲ. ಯೆಜ್ಡಿ ಮುಚ್ಚಳವನ್ನೇ ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದೆ. ಅರ್ಜಿ ಇನ್ನೂ ಮೇಜಿನ ಮೇಲಿದೆ.

ಮಡ್‌ಗಾರ್ಡಿನ ಬಲಬದಿ ಆಗಲೇ ಮರೂನಿಗೆ ಇಳಿದಿತ್ತು. ಎಡಬದಿಗೆ ಮರಳುಕಾಗದ ತಾಗಿಸದೆ, ತುಕ್ಕು ಏಳದಂತೆ ಮೇಲೊಂದು ಪಾರದರ್ಶಕ ಲ್ಯಾಕರ್ ಹೊಡೆದೆ. ಬ್ರಷ್ಷಿನ ಕೂದಲು ಎರಡೂ ಅದರಡಿ ಇವೆ. ವಾಚ್‌ಮನ್ ಬಂದು ನೋಡಿ, ಈ ಕಡೆ ಮುಗಿಸುವುದು ಯಾವಾಗ ಎಂದು ಕೇಳಿದ.