ವಯಸ್ಸು ಮತ್ತು ವೈಜ್ಞಾನಿಕ ಸಾಧನೆ
ವಿಜ್ಞಾನಿಗಳ ಸಂಶೋಧನೆಯ ಪ್ರಮಾಣವೂ ಮಹತ್ವವೂ ವೃತ್ತಿಜೀವನದುದ್ದಕ್ಕೂ ಬದಲಾಗುವ ರೀತಿಯನ್ನು ಕುರಿತ, ಮನಶ್ಶಾಸ್ತ್ರ ಹಾಗೂ ಸಮಾಜಶಾಸ್ತ್ರಗಳಿಗೆ ಸೇರಿದ ಅಧ್ಯಯನವಿಷಯ. ಉತ್ಕೃಷ್ಟ ಸಾಧನೆಗಳು ಹೆಚ್ಚಾಗಿ ಮೂವತ್ತರ ದಶಕದಲ್ಲಿ ಒದಗಿ ಬಳಿಕ ವಿರಳವಾಗುತ್ತವೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಹಾರ್ವೆ ಲೇಮನ್ 1953ರ ಗ್ರಂಥದಲ್ಲಿ ಪ್ರತಿಪಾದಿಸಿದರು. ಅಲ್ಪಾಯುಷಿಗಳನ್ನೂ ದೀರ್ಘಾಯುಷಿಗಳನ್ನೂ ಒಟ್ಟಿಗೆ ಎಣಿಸಿದರೆ ಮುಪ್ಪಿನ ಸಾಧನೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆಂಬ ಮನಶ್ಶಾಸ್ತ್ರಜ್ಞ ವೇನ್ ಡೆನಿಸ್‌ರ ಆಕ್ಷೇಪ ನ್ಯಾಯವಾದುದು. ಹುಟ್ಟಿನಿಂದ ಎಣಿಸಿದ ವಯಸ್ಸಿಗಿಂತ ವೃತ್ತಿವಯಸ್ಸು, ಅಂದರೆ ಸಂಶೋಧನೆಗೆ ತೊಡಗಿದಂದಿನಿಂದ ಕಳೆದ ಕಾಲ, ಮುಖ್ಯವೆಂಬುದು ಮನಶ್ಶಾಸ್ತ್ರಜ್ಞ ಡೀನ್ ಸೈಮಂಟನ್‌ರ ಮತ. ವಿಜ್ಞಾನಿಯ ಅತ್ಯಂತ ಪ್ರಭಾವಶಾಲಿ ಲೇಖನವು ಅವರ ಪ್ರಕಟಣೆಗಳ ಸಾಲಿನಲ್ಲಿ ಮೊದಲನೆಯದೂ ಆಗಬಹುದು, ಕೊನೆಯದೂ ಆಗಬಹುದೆಂದು ಸಂಶೋಧಕಿ ರಾಬರ್ಟಾ ಸಿನಾತ್ರಾ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಸಾಧನೆ ಎಳೆತನದಲ್ಲೂ ಮುಪ್ಪಿನಲ್ಲೂ ಒದಗಬಹುದೆಂಬುದಕ್ಕೆ ಉದಾಹರಣೆಯಾಗಿ, ಒಂದು ಕ್ಷೇತ್ರವನ್ನು ಗ್ರಂಥರೂಪಕ್ಕೆ ತಂದು ಮತ್ತೊಂದಕ್ಕೆ ತಿರುಗುತ್ತಿದ್ದ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್, 1930ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಶ್ವೇತಕುಬ್ಜ ನಕ್ಷತ್ರಗಳ ರಾಶಿಗೆ ಮಿತಿಯುಂಟೆಂದು ಲೆಕ್ಕಹಾಕಿದ್ದರು. ಕಪ್ಪುಕುಳಿಗಳ ಗಣಿತವನ್ನು ಕುರಿತ ಅವರ ಬೃಹದ್ಗ್ರಂಥ ಹೊರಬಂದದ್ದು 1983ರಲ್ಲಿ, ಎಪ್ಪತ್ತು ದಾಟಿದ ಮೇಲೆ.