ದಾರಿ ಬದಿಯ ಕಲ್ಲುಗಳೂ ನಮ್ಮ ಗೋದಾಮಿನ ಪಾಯವೂ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆದುಕೊಡಿ ಎಂದು ಸಂಘದ ಅಧ್ಯಕ್ಷರೂ ಕಾರ್ಯದರ್ಶಿಗಳೂ ಮನೆಗೇ ಬಂದು ಕೇಳಿದಾಗ ನಾವು ಮೊದಲು ಒಪ್ಪಲಿಲ್ಲ. ನಮ್ಮಂಥ ಸಣ್ಣ ಊರಿಗೆ ಎಂಥ ಇತಿಹಾಸ ಮಾರಾಯ್ರೆ, ರಾಜರು ಆಳಿದ್ದು ಬನವಾಸಿಯಲ್ಲಿ, ಮಠ ಮಂದಿರ ಕಟ್ಟಿದ್ದು ಬಳ್ಳಿಗಾವಿಯಲ್ಲಿ, ನಮ್ಮ ಹಿರಿಯರು ಅವರಿಗೆ ಕಂದಾಯ ಕಟ್ಟಿದವರು ಅಷ್ಟೆ ಅಂದುಬಿಟ್ಟೆವು. ಕಾರ್ಯದರ್ಶಿಗಳು ಲೆಕ್ಕದ ಮನುಷ್ಯರು. "ಕಂದಾಯ ಕಟ್ಟಿದ್ದಕ್ಕೂ ರಸೀದಿ ಇರ್ಬೇಕಲ್ಲ ಸಾರ್, ಅದನ್ನೇ ಬರೀರಿ" ಅಂದರು. ರಾತ್ರಿ ಮಲಗಿ ಯೋಚಿಸಿದಾಗ ಅವರ ಮಾತು ಸರಿ ಅನ್ನಿಸಿತು. ಆ ರಸೀದಿಗಳು ಇವೆ. ಕಾಗದದಲ್ಲಿಲ್ಲ, ಕಲ್ಲಿನಲ್ಲಿವೆ. ನಮ್ಮ ಶಿಕಾರಿಪುರ ತಾಲ್ಲೂಕಿನ ಯಾವ ದಾರಿ ಹಿಡಿದು ಹೋದರೂ ಬೇಲಿ ಪಕ್ಕದಲ್ಲಿ, ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಬುಡದಲ್ಲಿ, ಬಸ್ ನಿಲ್ದಾಣದ ಹಿಂದೆ ಒಂದಲ್ಲ ಒಂದು ಕೆತ್ತಿದ ಕಲ್ಲು ನಿಂತಿರುತ್ತದೆ. ನಾವು ಅದಕ್ಕೆ ಎಣ್ಣೆ ಹಾಕುತ್ತೇವೆ, ಇಲ್ಲವೆ ಬೆನ್ನು ಕೊಟ್ಟು ಬೀಡಿ ಸೇದುತ್ತೇವೆ. ಓದುವುದಿಲ್ಲ.

ಓದುವುದೆಂದರೆ ಅಕ್ಷರವೇ ಇರಬೇಕೆಂದಿಲ್ಲ. ವೀರಗಲ್ಲನ್ನು ಶಾಲೆ ಕಾಣದ ಅಜ್ಜಿಯೂ ಓದಬಹುದು. ಕೆಳಗಿನ ಅಂಕಣದಲ್ಲಿ ಕಾಳಗ. ಬಿಲ್ಲು, ಕತ್ತಿ, ಕೆಲವು ಕಡೆ ಕುದುರೆ, ಪಕ್ಕದಲ್ಲಿ ದನದ ಸಾಲು. ನಡುವಿನ ಅಂಕಣದಲ್ಲಿ ಸತ್ತವನನ್ನು ಅಪ್ಸರೆಯರು ಕೈಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಜೈನನಾಗಿದ್ದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ ಚಂದ್ರ. ಅವರಿಬ್ಬರೂ ಇರುವ ತನಕ ಇವನ ಹೆಸರು ಇರಲಿ ಅಂತ ಅರ್ಥ. ದನದ ಸಾಲು ಇದ್ದರೆ ಅದು ತುರುಗೋಳು, ಅಂದರೆ ಊರ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನ ಕಲ್ಲು. ಊರಿಗೇ ಮುತ್ತಿಗೆ ಬಿದ್ದಾಗ ಸತ್ತರೆ ಊರಳಿವು, ಹೆಂಗಸರ ಮೊರೆ ಕೇಳಿ ನುಗ್ಗಿ ಸತ್ತರೆ ಪೆಣ್ಬುಯ್ಯಲು. ಇವರಲ್ಲಿ ಹೆಚ್ಚಿನವರು ರಾಜರ ಮಕ್ಕಳಲ್ಲ. ನಮ್ಮಂತೆ ಕೊಟ್ಟಿಗೆ ಇದ್ದವರು, ಎತ್ತು ಹೋದರೆ ಬಿತ್ತನೆ ಹೋಯಿತು ಅಂತ ಗೊತ್ತಿದ್ದವರು. ಸತ್ತವನ ಮನೆಯವರಿಗೆ ಊರು ಸುಮ್ಮನೆ ಸಮಾಧಾನ ಹೇಳಿ ಕಳಿಸುತ್ತಿರಲಿಲ್ಲ. ಹೊಲ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರು ಕೊಡಗೆ ಎಂದು ಹೆಸರು. ಹೆಸರು ಕೇಳಿದರೇ ಮೈ ಜುಂ ಅನ್ನುತ್ತದೆ. ಈಗಿನ ಪರಿಹಾರದ ಚೆಕ್ಕಿಗಿಂತ ಆ ಹೆಸರೇ ಹೆಚ್ಚು ಮರ್ಯಾದೆಯದ್ದು ಅಂತ ನಮಗೆ ಕಾಣುತ್ತದೆ.

ಮಾಸ್ತಿಕಲ್ಲು ಬೇರೆ. ಬಳೆ ತೊಟ್ಟ ಒಂದು ತೋಳು ಮೊಣಕೈಯಲ್ಲಿ ಬಾಗಿ ಮೇಲಕ್ಕೆ ಎದ್ದಿರುತ್ತದೆ, ಕೆಲವು ಕಡೆ ಬೆರಳ ನಡುವೆ ನಿಂಬೆಹಣ್ಣು. ಗಂಡನ ಚಿತೆಗೆ ಹೋದವಳ ಕಲ್ಲು ಅದು. ಮಾಸ್ತಮ್ಮ ಅಂತ ಅರಿಶಿನ ಕುಂಕುಮ ಇಡುತ್ತೇವೆ. ಹೋದವಳು ಒಪ್ಪಿ ಹೋದಳೋ ಜನ ಸೇರಿ ಕಳಿಸಿದರೋ, ಕಲ್ಲು ಹೇಳುವುದಿಲ್ಲ. ಆ ಕೈ ನೋಡಿದಾಗ ನಮಗಂತೂ ಆಶೀರ್ವಾದಕ್ಕೆ ಎತ್ತಿದಂತೆ ಯಾವತ್ತೂ ಕಂಡಿಲ್ಲ.

ಮನುಷ್ಯರಿಗಷ್ಟೇ ಕಲ್ಲು ನಿಲ್ಲಿಸುತ್ತಿದ್ದರು ಅಂತಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಅದು ಕಾಳಿ ಎಂಬ ಬೇಟೆನಾಯಿಯ ಕಲ್ಲು. ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತ ನಾಯಿ. ಅದರ ಪೂಜೆಗೆ ಹೊಲ ಬಿಟ್ಟು, ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ಸುತ್ತಲಿ ಎಂದು ಬರೆಸಿದ್ದಾರೆ. ಈ ಸಂಗತಿ ಹೇಳಿದರೆ ಶಾಲೆಯ ಹುಡುಗರು ಕಣ್ಣರಳಿಸಿ ಕೇಳುತ್ತಾರೆ. ಮೇಷ್ಟರುಗಳು ಪಾಠಕ್ಕೆ ಮುಂಚೆ ಇದನ್ನೊಮ್ಮೆ ಹೇಳಿ ನೋಡಬಹುದು.

ಇನ್ನು ಗಡಿಕಲ್ಲುಗಳು. ಲಿಂಗ ಕೆತ್ತಿದ್ದರೆ ಲಿಂಗಮುದ್ರೆ ಕಲ್ಲು, ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆ. ಕೊಡೆ ಹಿಡಿದ ಗಿಡ್ಡ ವಾಮನನಿದ್ದರೆ ಬ್ರಾಹ್ಮಣರಿಗೋ ವಿಷ್ಣು ದೇವರಿಗೋ ಬಿಟ್ಟದ್ದು. ಮೂರು ಕೊಡೆ ಇದ್ದರೆ ಬಸದಿಯದು. ಆಗ ಸರ್ವೆ ನಂಬರಿಲ್ಲ, ಪಹಣಿ ಇಲ್ಲ, ಈ ಕಲ್ಲೇ ಪಹಣಿ. ಅಣ್ಣತಮ್ಮಂದಿರು ಬದುವಿಗಾಗಿ ಕೋರ್ಟು ಹತ್ತುವ ನಮ್ಮ ಕಾಲದಲ್ಲೂ ಈ ಕಲ್ಲುಗಳನ್ನು ಕಿತ್ತು ಬಟ್ಟೆ ಒಗೆಯಲು ಹಾಕಿಕೊಂಡವರಿದ್ದಾರೆ. ಯಾರ ಹೆಸರನ್ನೂ ಹೇಳುವುದಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ನಮ್ಮ ತಾಲ್ಲೂಕಿನ ಕಲ್ಲುಗಳಲ್ಲಿ ಯಜಮಾನ ಅಂದರೆ ತಾಳಗುಂದದ ಕಂಬ. ಪ್ರಣವೇಶ್ವರ ದೇವಸ್ಥಾನದ ಮುಂದೆ ಎಂಟು ಮುಖದ ಕಂಬವಾಗಿ ನಿಂತಿದೆ. 1894ರಲ್ಲಿ ಬಿ. ಎಲ್. ರೈಸ್ ಅವರು ಇದನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಅವರ ಮೇಲ್ವಿಚಾರಣೆಯಲ್ಲಿ 1902ರಲ್ಲಿ ಅಚ್ಚಾದ ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ನಮ್ಮ ತಾಲ್ಲೂಕಿನದೇ ನೂರಾರು ಶಾಸನಗಳಿವೆ. ತಾಳಗುಂದದ ಕಂಬದಲ್ಲಿರುವುದು ಸಂಸ್ಕೃತ ಪದ್ಯ, ಬರೆದವನು ಕುಬ್ಜನೆಂಬ ಕವಿ, ಕಾಲ ಐದನೇ ಶತಮಾನ, ಕದಂಬರ ಶಾಂತಿವರ್ಮನ ಆಳ್ವಿಕೆ. ಮಯೂರಶರ್ಮನ ಕಥೆ ಎಲ್ಲರಿಗೂ ಗೊತ್ತಿರುವುದೇ. ಓದಲೆಂದು ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು, ಅವಮಾನ ತಾಳಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ರಾಜ್ಯವನ್ನೇ ಕಟ್ಟಿದ. ಸಿನಿಮಾ ಕೂಡ ಬಂದಿತ್ತು. ಈ ಕಥೆ ನಮಗೆ ಸಿಕ್ಕಿದ್ದು ಈ ಕಂಬದಿಂದ.

ಆದರೆ ಕಂಬ ನಿಲ್ಲಿಸಿದ್ದು ಆ ಕಥೆ ಹೇಳುವುದಕ್ಕಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನಮಗೂ ತಡವಾಗಿ ಗೊತ್ತಾಯಿತು. ಮೂಲ ವಿಷಯ ಒಂದು ಕೆರೆ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಹತ್ತಿರ ದೊಡ್ಡ ಕೆರೆ ಕಟ್ಟಿಸಿದ, ಅದನ್ನು ದಾಖಲು ಮಾಡಬೇಕಿತ್ತು. ಕೆರೆ ಕಟ್ಟಿಸಿದವನು ಯಾರು, ಅವನ ವಂಶ ಯಾವುದು ಎಂದು ಹೇಳುವಾಗ ಮಯೂರಶರ್ಮ ಬಂದ, ಕಂಚಿ ಬಂತು, ಕುದುರೆ ಬಂತು. ಒಂದು ಕೆರೆಯ ಲೆಕ್ಕ ಬರೆಯಲು ಹೋಗಿ ಕನ್ನಡ ನಾಡಿನ ಮೊದಲ ರಾಜಮನೆತನದ ಚರಿತ್ರೆ ಉಳಿಯಿತು. ಮಳೆ ಕಾದು, ಕೆರೆ ಕೋಡಿ ಬಿದ್ದ ದಿನ ಬಾಗಿನ ಕೊಡುವ ನಮ್ಮಂಥವರು ಇದಕ್ಕೆ ಎರಡು ಪಟ್ಟು ಸಂತೋಷ ಪಡಬೇಕು.

ಅದೇ ದೇವಸ್ಥಾನದ ಆವರಣದಲ್ಲಿ 2013ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯವರು ಅಗೆದಾಗ ಸಿಂಹದ ಕಟಾಂಜನದ ಮೇಲೆ ಬರಹ ಸಿಕ್ಕಿತು. ಅದರಲ್ಲಿ ಕನ್ನಡ ಮಾತುಗಳಿವೆ, ಕಾಲ ಕ್ರಿ.ಶ. 370ರ ಸುಮಾರು ಎಂದು ಇಲಾಖೆಯವರು ಹೇಳಿದರು. ಹಾಗಾದರೆ ಸುಮಾರು 450ರದ್ದೆನ್ನುವ ಹಲ್ಮಿಡಿಗಿಂತಲೂ ಹಳೆಯದು. ನಾವು ಸಣ್ಣವರಿದ್ದಾಗ ಆ ಅಂಗಳದಲ್ಲೇ ಬುತ್ತಿ ಬಿಚ್ಚಿ ಉಂಡು, ಕೈ ತೊಳೆದು ಬಂದಿದ್ದೆವು. ಕಾಲಡಿಯಲ್ಲಿ ಏನಿತ್ತು ಅಂತ ಯಾರಿಗೆ ಗೊತ್ತು!

ಬಳ್ಳಿಗಾವಿಯ ವಿಷಯ ಎಲ್ಲರೂ ಬರೆದಿದ್ದಾರೆ, ನಾವು ಉದ್ದ ಮಾಡುವುದಿಲ್ಲ. ಹನ್ನೊಂದನೇ ಶತಮಾನದಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಎತ್ತರದ ಕಂಬ, ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಅಲ್ಲಮಪ್ರಭುವಿನ ಊರು ಎಂಬ ಹೆಸರು, ಪಕ್ಕದಲ್ಲೇ ಅಕ್ಕಮಹಾದೇವಿಯ ಉಡುತಡಿ. ಒಂದು ಮಾತು ಮಾತ್ರ ಹೇಳಲೇಬೇಕು. ಕೋಡಿಯಮಠ ಅಂತ ಒಂದು ಮಠ ಇತ್ತು, ತಾವರೆಕೆರೆಯ ಕೋಡಿ ಹತ್ತಿರ ಇದ್ದದ್ದಕ್ಕೆ ಆ ಹೆಸರು. 1162ರ ಶಾಸನ ಅದರ ವರ್ಣನೆ ಮಾಡುತ್ತದೆ. ಅಲ್ಲಿ ವೇದ ವ್ಯಾಕರಣ ಕಲಿಸುತ್ತಿದ್ದರು, ಸರಿ. ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ದಿಕ್ಕಿಲ್ಲದವರಿಗೆ ಅನ್ನ ಹಾಕುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು, ಹೆದರಿ ಬಂದವರಿಗೆ ಆಸರೆ ಕೊಡುತ್ತಿದ್ದರು. ಪಾಠಶಾಲೆ, ಆಸ್ಪತ್ರೆ, ಅನ್ನಛತ್ರ ಮೂರೂ ಒಂದೇ ಸೂರಿನಡಿ. ಸಹಕಾರ ಸಪ್ತಾಹದ ಭಾಷಣಗಳಲ್ಲಿ ಪ್ರತಿ ವರ್ಷ 1905ರ ಕಣಗಿನಹಾಳದ ಸಂಘವನ್ನೂ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನೂ ನೆನೆಯುತ್ತೇವೆ, ನೆನೆಯಬೇಕಾದ್ದೇ. ಅದಕ್ಕಿಂತ ಏಳುನೂರು ವರ್ಷ ಮುಂಚಿನ ನಮ್ಮ ಪಕ್ಕದೂರಿನ ಈ ಕಲ್ಲನ್ನೂ ಒಮ್ಮೆ ನೆನೆದರೆ ತಪ್ಪೇನಿಲ್ಲ. ಊರೂರಿನ ಶಾಸನಗಳಲ್ಲಿ ಕೆರೆ ಕಾಯುವವರಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಭೂಮಿ ಬಿಟ್ಟದ್ದು ಕಾಣುತ್ತದೆ. ಹೂಳು ತೆಗೆಯದೆ ಬರೀ ಬಿಲ್ಲು ಮಾಡುವ ಪದ್ಧತಿ ಆಗ ಇತ್ತೋ ಇಲ್ಲವೋ!

ಹಳೆಯ ಕಲ್ಲುಗಳಷ್ಟೇ ಅಲ್ಲ, ನಮ್ಮ ಅಪ್ಪ ಅಜ್ಜಂದಿರು ಕಣ್ಣಾರೆ ಕಂಡದ್ದಕ್ಕೂ ಗುರುತು ಇದೆ. ಈಸೂರಿನಲ್ಲಿ ಹುತಾತ್ಮರ ಸ್ಮಾರಕವಿದೆ. 1942ರ ಸೆಪ್ಟೆಂಬರಿನಲ್ಲಿ ಆ ಊರಿನವರು ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ನಾವು ಸ್ವತಂತ್ರರು, ಕಂದಾಯ ಕೊಡುವುದಿಲ್ಲ ಅಂದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಮಾತು ನಾಡಿಗೆಲ್ಲ ಹಬ್ಬಿತು. ಕೆಲವೇ ದಿನದಲ್ಲಿ ಅಧಿಕಾರಿಗಳು ಬಂದಾಗ ಗಲಭೆಯಾಗಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು. ಆಮೇಲೆ ಸರ್ಕಾರದ ದಂಡು ಬಂತು, ಜನ ಕಾಡು ಸೇರಿದರು, ಹೆಂಗಸರಿಗೂ ಶಿಕ್ಷೆಯಾಯಿತು. 1943ರ ಮಾರ್ಚಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೆ ಹಾಕಿದರು. ಊರಿಗಾಗಿ ಸತ್ತವನಿಗೆ ಕಲ್ಲು ನಿಲ್ಲಿಸುವ ಈ ಸೀಮೆಯ ಪದ್ಧತಿ ಅಲ್ಲಿಯ ತನಕ ಬಂದಿದೆ. ಅಂಕಣವಿಲ್ಲ, ಅಪ್ಸರೆಯರಿಲ್ಲ, ಅಷ್ಟೇ ವ್ಯತ್ಯಾಸ.

ಈಗ ನಮ್ಮೂರಿನ ಮಾತಿಗೆ ಬರೋಣ. ಇದನ್ನು ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಹಿಂದೆಮುಂದೆ ನೋಡಿದೆವು.

ಸಂಘ ಶುರುವಾದ ಮರುವರ್ಷ ಗೊಬ್ಬರ ಇಡಲು ಗೋದಾಮು ಕಟ್ಟಿದೆವಲ್ಲ, ಆಗ ಕಟ್ಟಡ ಸಮಿತಿಯಲ್ಲಿ ನಾವೂ ಇದ್ದೆವು. ಷೇರು ಹಣ ಕಡಿಮೆ, ಸೈಜುಗಲ್ಲು ತುಟ್ಟಿ. ಕೆರೆ ಏರಿಯ ತುದಿಯಲ್ಲಿ ಒಂದಿಷ್ಟು ಕಲ್ಲು ಸುಮ್ಮನೆ ಬಿದ್ದಿವೆ, ಟ್ರ್ಯಾಕ್ಟರಿನಲ್ಲಿ ತಂದರೆ ಪಾಯಕ್ಕಾದರೂ ಆಗುತ್ತದೆ ಎಂದು ಯಾರೋ ಅಂದರು. ಯಾರೋ ಅಂತ ಬರೆದೆವು, ನಾವೇ ಅಂದದ್ದು ಅಂದರೂ ಸುಳ್ಳಲ್ಲ. ತಂದ ಕಲ್ಲುಗಳಲ್ಲಿ ಒಂದು ಉದ್ದನೆಯ ಚಪ್ಪಡಿ, ಪಾಯಕ್ಕೆ ಕೂರಲಿಲ್ಲ. ಮೇಸ್ತ್ರಿ ಸುತ್ತಿಗೆ ಉಳಿ ಹಿಡಿದು ಎರಡು ಹೋಳು ಮಾಡಿದ. ಮೇಲಿನ ಹೋಳು ಪಾಯಕ್ಕೆ ಹೋಯಿತು, ಕೆಳಗಿನದು ಗೋದಾಮಿನ ಬಾಗಿಲಿಗೆ ಮೆಟ್ಟಿಲಾಯಿತು. ಆ ಸಂಜೆ ಕೆರೆಕೋಡಿ ಮನೆಯ ಅಜ್ಜ ಬಂದು ನೋಡಿ, "ಬರೆದ ಕಲ್ಲು ಒಡ್ದೀರೇನ್ರೋ" ಅಂತ ಒಂದೇ ಮಾತು ಕೇಳಿ ಹೊರಟುಹೋದರು. ಅವರು ಮತ್ತೆ ಗೋದಾಮಿನ ಕಡೆ ಬರಲಿಲ್ಲ. ಗೊಬ್ಬರ ಬೇಕಾದಾಗ ಮೊಮ್ಮಗನನ್ನು ಕಳಿಸುತ್ತಿದ್ದರು. ನಾವು ಆಗ ನಕ್ಕೆವು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮೆಟ್ಟಿಲನ್ನು ನೀವೂ ತುಳಿದಿದ್ದೀರಿ, ನಾವೂ ತುಳಿದಿದ್ದೇವೆ. ಯೂರಿಯಾ ಚೀಲ ಎಳೆದು ಎಳೆದು ಅಂಚು ಸವೆದಿದೆ. ಕಳೆದ ಬೇಸಿಗೆಯಲ್ಲಿ ಬಾಗಿಲು ರಿಪೇರಿಗೆಂದು ಆ ಕಲ್ಲು ಮಗುಚಿದಾಗ ಅಡಿಯಲ್ಲಿ ಸಾಲು ಸಾಲು ಅಕ್ಷರ ಕಂಡವು. ಮಣ್ಣಿನೊಳಗೆ ಇದ್ದದ್ದಕ್ಕೆ ಉಳಿದುಕೊಂಡಿದ್ದವು. ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟರೊಬ್ಬರನ್ನು ಕರೆತಂದೆವು. ಅವರು ಕಲ್ಲು ತೊಳೆಸಿ, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಲ್ಲಿ ಬಡಿದು, ಮಸಿ ಒತ್ತಿ ಅಚ್ಚು ತೆಗೆದರು. ಊರಿನ ಹುಡುಗರೆಲ್ಲ ಸುತ್ತ ನಿಂತಿದ್ದರು. ಓದಲಿಕ್ಕೆ ಬಂದದ್ದು ಇಷ್ಟು: ಕೆರೆ ಎಂಬ ಶಬ್ದ, ಕೆಲವು ಮತ್ತರು ಗದ್ದೆ, ಎಲ್ಲೆಯ ಮಾತು. ಕೊನೆಗೆ ಶಾಪ. ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ ಅನ್ನುವುದು. ಶಾಸನಗಳಲ್ಲಿ ದೇವರು, ರಾಜ, ವರ್ಷ, ಕೊಟ್ಟವನ ಹೆಸರು ಎಲ್ಲ ಮೇಲ್ಭಾಗದಲ್ಲಿರುತ್ತವಂತೆ, ಶಾಪ ಕೆಳಗೆ. ಹೀಗಾಗಿ ನಮ್ಮ ಕೆರೆ ಯಾರು ಕಟ್ಟಿಸಿದರು, ಯಾವ ವರ್ಷ ಅನ್ನುವುದು ಪಾಯದೊಳಗೆ ಹೋಯಿತು. ಶಾಪ ಮಾತ್ರ ಹೊರಗೆ ಉಳಿಯಿತು. ಮೇಷ್ಟರು ನಗುತ್ತಾ ಹೇಳಿದರು, ನಾವು ನಗಲಿಲ್ಲ.

ಅಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಮೊಮ್ಮಗ ಈಗ ನಮ್ಮ ನಿರ್ದೇಶಕರಲ್ಲೊಬ್ಬರು. ಉಳಿದ ಹೋಳನ್ನು ಕಚೇರಿಯ ಮುಂದೆ ಸಿಮೆಂಟು ಕಟ್ಟೆ ಮಾಡಿ ನಿಲ್ಲಿಸೋಣ ಎಂದು ಸಭೆಯಲ್ಲಿ ಸೂಚಿಸಿದವರು ಅವರೇ. ಕಟ್ಟೆಗೆ ಒಂದು ಫಲಕ ಬೇಕಲ್ಲ, ಏನು ಬರೆಯೋದು ಅಂತ ಚರ್ಚೆಯಾಯಿತು. ಪ್ರಾಚೀನ ಶಾಸನ ಎಂದಷ್ಟೇ ಸಾಕು ಅಂದರು ಕೆಲವರು. ಒಡೆದದ್ದು ಯಾರು ಅಂತಲೂ ಬರೆಯಬೇಕು ಎಂದು ನಾವು ಹೇಳಿದೆವು. ಒಪ್ಪಿಗೆಯಾಗಲಿಲ್ಲ. ಸಂಘದ ಮರ್ಯಾದೆ ಅಂದರು, ಇರಲಿ. ಅದಕ್ಕೇ ಇಲ್ಲಿ ಬರೆದಿದ್ದೇವೆ.

ಮಳೆಗಾಲ ಕಳೆದ ಮೇಲೆ ಹಳೆ ಗೋದಾಮು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಗಿದೆ. ಜೆಸಿಬಿ ತರಿಸಿದರೆ ಒಂದೇ ದಿನದ ಕೆಲಸ ಅನ್ನುವವರಿದ್ದಾರೆ. ಕಲ್ಲು ಒಡೆದ ಮೇಸ್ತ್ರಿ ಇನ್ನೂ ಇದ್ದಾರೆ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಆ ಹೋಳಿನ ಮೇಲೆ ಸೂರ್ಯ ಚಂದ್ರ, ಹಸು ಕರು ಇದ್ದವು, ಮುಖ ಒಳಗೆ ಮಾಡಿ ಕೂರಿಸಿದ್ದೆ ಅನ್ನುತ್ತಾರೆ. ಕೆರೆ ಕಡೆಯ ಗೋಡೆ, ಮೂಲೆಯಿಂದ ಮೂರನೇ ಕಲ್ಲು, ಕೆಳಗಿನಿಂದ ಎರಡನೇ ವರಸೆ. ಪಾಯ ಬಿಚ್ಚುವ ದಿನ ಆ ಮೂಲೆಗೆ ಜೆಸಿಬಿ ಬಿಡಬೇಡಿ. ಹಾರೆ ಹಾಕುವ ಮುಂಚೆ ನಮಗೊಂದು ಮಾತು ಹೇಳಿಕಳಿಸಿ, ಮೇಸ್ತ್ರಿಯವರನ್ನು ಕರೆದುಕೊಂಡು ಬರುತ್ತೇವೆ.